ರೆಡಿ ಪ್ಲ್ಯಾನೋ, ನಾವೇ ಬರೆದ ನಕ್ಷೆಯೋ?

ಮನೆಯಲ್ಲೇ ಮೊದಲ ಸಲ ಪುಸ್ತಕದ ಶೆಲ್ಫ್ ಮಾಡಲು ಹೊರಟಿದ್ದೀರಾ? ಪ್ಲ್ಯಾನ್ ಎಲ್ಲಿಂದ ಅನ್ನೋದೇ ಮೊದಲ ಪ್ರಶ್ನೆ.

ನೆಟ್‌ನಲ್ಲಿ ಸಿಗುವ ಒಳ್ಳೆಯ ರೆಡಿ ಪ್ಲ್ಯಾನ್‌ನಲ್ಲಿ ತುಂಡುಗಳ ಪಟ್ಟಿ, ಜೋಡಿಸುವ ಕ್ರಮ ಎರಡೂ ಇರುತ್ತವೆ. ಹೊಸಬರಿಗೆ ಇದು ದೊಡ್ಡ ಆಸರೆ. ಆದರೆ ಇಂಗ್ಲಿಷ್‌ನಲ್ಲಿ ಸಿಗುವ ಎಷ್ಟೋ ಪ್ಲ್ಯಾನ್‌ಗಳು ಅಮೆರಿಕದವು. ಅಲ್ಲಿ ‘ಟೂ ಬೈ ಫೋರ್’ (ಹೆಸರಿಗೆ 2x4 ಇಂಚಿನ ಮರದ ಪಟ್ಟಿ) ಅಂದರೆ ನಿಜವಾಗಿ ಒಂದೂವರೆ ಇಂಚು ದಪ್ಪ, ಮೂರೂವರೆ ಇಂಚು ಅಗಲ. ಪ್ಲೈವುಡ್‌ನದೂ ಅದೇ ಕತೆ. ಪ್ಲ್ಯಾನ್ ಮುಕ್ಕಾಲು ಇಂಚು, ಅಂದರೆ 19 ಮಿ.ಮೀ. ಲೆಕ್ಕ ಹಿಡಿದಿರುತ್ತದೆ. ನಮ್ಮ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗೋದು 18. ಒಂದು ಮಿ.ಮೀ. ತಾನೇ ಅನ್ನಬೇಡಿ. ಶೆಲ್ಫ್‌ನ ಒಟ್ಟು ಅಗಲ 600 ಮಿ.ಮೀ. ಆದರೆ, ಎರಡೂ ಪಕ್ಕದ ಹಲಗೆಗಳ ದಪ್ಪ ಕಳೆದು ಒಳಗಿನ ಹಲಗೆ 562 ಅಲ್ಲ, 564 ಇರಬೇಕು. ಎರಡು ಮಿ.ಮೀ. ಸಂದಿ ಕಣ್ಣಿಗೆ ಹೊಡೆಯುತ್ತದೆ.

ನಾವೇ ಬರೆದರೆ ಗೋಡೆಗೆ, ಕೈಲಿರುವ ಹಲಗೆಗೆ ಸರಿಯಾಗಿ ಹೊಂದುತ್ತದೆ. ಗ್ರಾಫ್ ಹಾಳೆ, ಪೆನ್ಸಿಲ್ ಸಾಕು. ಕಂಪ್ಯೂಟರ್‌ನಲ್ಲಿ 3ಡಿ ನಕ್ಷೆ ಬರೆಯುವ ಸ್ಕೆಚ್‌ಅಪ್ ತಂತ್ರಾಂಶದ ಉಚಿತ ಆವೃತ್ತಿ ಬ್ರೌಸರ್‌ನಲ್ಲೇ ನಡೆಯುತ್ತದೆ, ಕಲಿಯಲು ಮಾತ್ರ ಸಮಯ ಬೇಕು. 8x4 ಅಡಿ ಹಲಗೆಯ ಮೇಲೆ ತುಂಡುಗಳನ್ನು ಜೋಡಿಸಿ ನೋಡುವಾಗ ಪ್ರತಿ ಕೊಯ್ತಕ್ಕೂ ಸುಮಾರು 3 ಮಿ.ಮೀ. ಬಿಡಿ. ಗರಗಸ ಅಷ್ಟು ತಿನ್ನುತ್ತದೆ.

ನನ್ನ ಆಯ್ಕೆ? ಜೋಡಣೆಯ ರೀತಿಗೆ ರೆಡಿ ಪ್ಲ್ಯಾನ್ ನೋಡಿ, ಅಳತೆಗಳನ್ನೆಲ್ಲ ನೀವೇ ಹೊಸದಾಗಿ ಬರೆಯಿರಿ. ಹಲಗೆ ಅಂಗಡಿಯಿಂದ ಬಂದು, ಟೇಪ್ ಹಿಡಿದು ಅಳೆದ ಮೇಲೆ.