ರೀಡರ್ ಮೋಡ್: ಆರು ವರ್ಷಗಳ ಬಳಕೆಯ ನಂತರ

ಬ್ರೌಸರ್‌ನ ವಿಳಾಸಪಟ್ಟಿಯ ತುದಿಯಲ್ಲಿ ಹಾಳೆಯಂಥ ಪುಟ್ಟ ಚಿಹ್ನೆಯೊಂದಿರುತ್ತದೆ. ಅದೇ ರೀಡರ್ ಮೋಡ್‌ನ ಗುಂಡಿ. ಆರು ವರ್ಷಗಳಿಂದ ಅದನ್ನು ಒತ್ತದ ದಿನವಿಲ್ಲ. ಮೊದಲ ಸಲ ಒತ್ತಿದ್ದು ಸಿಟ್ಟಿನಿಂದ. ಸುದ್ದಿತಾಣವೊಂದರಲ್ಲಿ ಎರಡು ಸಾಲು ಓದುವಷ್ಟರಲ್ಲಿ ಕುಕಿಗೆ ಒಪ್ಪಿಗೆ ಕೇಳುವ ಪೆಟ್ಟಿಗೆ, ನೋಟಿಫಿಕೇಶನ್ ಬೇಕೇ ಎಂಬ ಪ್ರಶ್ನೆ, ತಾನಾಗಿ ಓಡುವ ವಿಡಿಯೊ ಮೂರೂ ಮೈಮೇಲೆ ಬಿದ್ದಿದ್ದವು. ಒತ್ತಿದೆ, ಗದ್ದಲ ಅಡಗಿ ಬರಹವಷ್ಟೇ ಉಳಿಯಿತು.

ಆದರೆ ನನ್ನನ್ನು ಹಿಡಿದಿಟ್ಟದ್ದು ಒತ್ತಕ್ಷರಗಳು. ಅನೇಕ ತಾಣಗಳು ಸಾಲಿನ ಅಂತರವನ್ನು ಇಂಗ್ಲಿಷ್ ಅಕ್ಷರಗಳ ಅಳತೆಗೆ ಹೊಂದಿಸಿರುತ್ತವೆ. ‘ಶಾಸ್ತ್ರ’ ಎಂಬ ಪದ ಬಂದರೆ ಸಾಕು, ಕೆಳಗಿಳಿದ ತ ಒತ್ತು ಮುಂದಿನ ಸಾಲಿನ ಗುಡಿಸಿಗೆ ತಾಗಿ ಎರಡೂ ಕಲಸಿಹೋಗುತ್ತವೆ. ರೀಡರ್ ಮೋಡ್‌ನಲ್ಲಿ ಅಂತರ ನನ್ನ ಕೈಯಲ್ಲಿದೆ. ರಾತ್ರಿ ಮಲಗುವ ಮುನ್ನ ಹಳೆಯ ಕಾಗದದ ಬಣ್ಣ, ಅಕ್ಷರ ಒಂದು ಹಂತ ದೊಡ್ಡದು, ಅಂತರ ಎರಡು ಹಂತ ಹೆಚ್ಚು, ಅಂಕಣ ಕಿರಿದು. ಒಮ್ಮೆ ಹೊಂದಿಸಿದ್ದನ್ನು ಅದು ಮರೆಯುವುದಿಲ್ಲ. ಒತ್ತುಗಳು ಕಾಲು ಚಾಚಿ ಕೂತಿರುವ ಆ ಪುಟವನ್ನು ನೋಡುವುದೇ ಒಂದು ಸುಖ.

ಮೂರನೆಯ ವರ್ಷ ನಂಬಿಕೆ ಅಲುಗಿತು. ದೀರ್ಘ ಲೇಖನವೊಂದರಲ್ಲಿ ‘ಕೆಳಗಿನ ಕೋಷ್ಟಕ ನೋಡಿ’ ಎಂದಿತ್ತು, ಕೋಷ್ಟಕ ಇರಲಿಲ್ಲ. ಲೇಖಕರ ಅಲಕ್ಷ್ಯವೆಂದುಕೊಂಡು ಅವರಿಗೆ ತುಸು ಕಟುವಾಗಿಯೇ ಬರೆದೆ. ಮೂಲ ಪುಟ ತೆರೆದರೆ ಕೋಷ್ಟಕ ಅಲ್ಲೇ ಇತ್ತು. ಕ್ಷಮೆ ಕೇಳಿದೆ. ಬಿಟ್ಟುಹೋದದ್ದಕ್ಕಿಂತ, ಬಿಟ್ಟಿದ್ದೇನೆ ಎಂದು ಹೇಳದಿದ್ದದ್ದು ಇಂದಿಗೂ ನನ್ನನ್ನು ಕೆರಳಿಸುತ್ತದೆ.

ಕಾರಣ ಹುಡುಕಿದೆ. 2009ರಲ್ಲಿ ಆರ್ಕ್90 ಎಂಬ ಸಂಸ್ಥೆ ಪುಟದಿಂದ ಬರಹವನ್ನಷ್ಟೇ ಹೆಕ್ಕುವ ‘ರೀಡಬಿಲಿಟಿ’ ಎಂಬ ಸಲಕರಣೆ ಹೊರತಂದಿತು. 2010ರಲ್ಲಿ ಆ್ಯಪಲ್‌ನ ಬ್ರೌಸರ್ ಸಫಾರಿಗೆ ಬಂದ ರೀಡರ್‌ಗೂ ಅದೇ ಬುನಾದಿ. ಪ್ಯಾರಾ ಎಷ್ಟು ಉದ್ದ, ಅದರಲ್ಲಿ ಎಷ್ಟು ಅಲ್ಪವಿರಾಮಗಳಿವೆ, ಕೊಂಡಿಗಳ ಪಾಲೆಷ್ಟು ಎಂದು ಎಣಿಸಿ ಅದು ಪುಟದ ಭಾಗಗಳಿಗೆ ಅಂಕ ಕೊಡುತ್ತದೆ. ಹೆಚ್ಚು ಅಂಕ ಬಂದದ್ದೇ ಲೇಖನ. ಅಂದರೆ ಇದು ಊಹೆ. ಬರೀ ಅಂಕಿಗಳಿರುವ ಕೋಷ್ಟಕಕ್ಕೆ ಅಲ್ಲಿ ಗೆಲುವು ಕಷ್ಟ. ಅದು ತಿಳಿದ ಮೇಲೆ ಸಿಟ್ಟು ಅರ್ಧ ಇಳಿಯಿತು. ಶೀರ್ಷಿಕೆಯನ್ನು ಶೀರ್ಷಿಕೆಯೆಂದೂ ಪ್ಯಾರಾವನ್ನು ಪ್ಯಾರಾವೆಂದೂ ಗುರುತಿಸಿ ಕಟ್ಟಿದ ಪುಟಗಳು ಬಹುತೇಕ ಇಡಿಯಾಗಿಯೇ ಬರುತ್ತವೆ. ಹಾಗೆ ಕಟ್ಟದವರ ಪಾಲೂ ಈ ತಪ್ಪಿನಲ್ಲಿದೆ.

ಈಗ ಮೊದಲು ಮೂಲ ಪುಟವನ್ನು ಕೊನೆಯವರೆಗೆ ಸರಿಸಿ, ಚಿತ್ರ, ಕೋಷ್ಟಕ ಎಷ್ಟಿವೆ ನೋಡಿಕೊಂಡು ಆಮೇಲೆ ಒತ್ತುತ್ತೇನೆ. ತಯಾರಕರಲ್ಲಿ ಒಂದೇ ಕೋರಿಕೆ: ಕೋಷ್ಟಕ ಬಿಟ್ಟಾಗ ಆ ಜಾಗದಲ್ಲಿ ‘ಇಲ್ಲೊಂದು ಕೋಷ್ಟಕವಿತ್ತು’ ಎಂದು ಒಂದು ಸಾಲು ಬರಲಿ.