ಫ್ರಿಜ್ಜಿಗೆ ಹಾಕಿರೋ ಸ್ಟೆಬಿಲೈಜರ್, ಆರು ವರ್ಷ ಬಳಸಿದ ಮೇಲೆ

ನಮ್ಮನೆ ಸಾಗರದ ಹತ್ರ ಹಳ್ಳೀಲಿ, ಟಿಸಿಯಿಂದ (ಊರಿನ ಟ್ರಾನ್ಸ್‌ಫಾರ್ಮರ್) ಬರೋ ಲೈನಿಗೆ ನಮ್ದೇ ಕೊನೇ ಮನೆ. ಬೇಸಿಗೇಲಿ ಪಂಪ್‌ಸೆಟ್ಟಿಗೆ ಬೇಕಾದ ತ್ರೀ ಫೇಸ್ ಕರೆಂಟ್ ಬಿಟ್ಟ ತಕ್ಷಣ ಎಲ್ಲರ ತೋಟದ ಮೋಟ್ರೂ ಒಟ್ಟಿಗೆ ಓಡುತ್ತೆ, 230 ಇರ್ಬೇಕಾದ ವೋಲ್ಟೇಜು 160ಕ್ಕೆ ಬಂದು ಕೂರುತ್ತೆ. ಹಳೇ ಫ್ರಿಜ್ಜಿನ ಕಂಪ್ರೆಸರ್ ಸುಟ್ಟಿದ್ದೂ ಹಂಗೇ, ಸ್ಟಾರ್ಟ್ ಆಗಕ್ಕಾಗ್ದೆ ಗುಂಯ್ ಅನ್ನೋದು, ಟಕ್ ಅಂತ ನಿಲ್ಲೋದು, ಮತ್ತೆ ಗುಂಯ್, ಹಿಂದುಗಡೆ ಕೈ ಇಟ್ರೆ ಸುಡ್ತಿತ್ತು. ಅಪ್ಪನ ಇನ್ಸುಲಿನ್ ಅದರ ಬಾಗಿಲಲ್ಲೇ ಇತ್ತು, ಎಲ್ಲಾ ಎಸೀಬೇಕಾಯ್ತು.

ಹೊಸ ಫ್ರಿಜ್ ಜೊತೆ 0.5 ಕೆವಿಎ ಸ್ಟೆಬಿಲೈಜರ್ ತಗೊಂಡ್ವಿ, ಒಳಗೆ ಬರೋ ಕರೆಂಟು 130ರಿಂದ 290 ವೋಲ್ಟ್ ವರೆಗೆ ಇದ್ರೂ ಸಂಭಾಳಿಸೋದು. ವೋಲ್ಟೇಜ್ ಇಳಿದಾಗ ಒಳಗಿನ ರಿಲೇ (ತಾನೇ ಬದಲಾಗೋ ಸ್ವಿಚ್ಚು) ಟಕ್ ಅಂತ ಅದರದೇ ಪುಟ್ಟ ಟ್ರಾನ್ಸ್‌ಫಾರ್ಮರಿನ ಬೇರೆ ಟ್ಯಾಪಿಗೆ, ಅಂದ್ರೆ ಸುರುಳಿಯ ಬೇರೆ ಜಾಗಕ್ಕೆ ಹಾಕಿ ವೋಲ್ಟೇಜ್ ಏರಿಸುತ್ತೆ. ಔಟ್‌ಪುಟ್ ಕರೆಕ್ಟಾಗಿ 230 ಇರಲ್ಲ, ನಾನು ಮೀಟರ್ ಇಟ್ಟು ನೋಡಿದೀನಿ, 205 ಇರುತ್ತೆ, ಒಂದೊಂದ್ಸಲ 240, ಫ್ರಿಜ್ಜಿಗೆ ಅಷ್ಟು ಸಾಕು. ನನಗೆ ಇದರಲ್ಲಿ ತುಂಬಾ ಇಷ್ಟ ಆಗಿರೋದು ಡಿಲೇ. ಕರೆಂಟ್ ಹೋಗಿ ಬಂದ್ರೆ ಮೂರು ನಿಮಿಷ ಕಾಯಿಸಿ ಆಮೇಲೆ ಫ್ರಿಜ್ಜಿಗೆ ಬಿಡುತ್ತೆ, ಅಷ್ಟರಲ್ಲಿ ಕಂಪ್ರೆಸರ್ ಒಳಗಿನ ಗ್ಯಾಸ್ ಪ್ರೆಷರ್ ಇಳಿದಿರುತ್ತೆ, ಮೋಟ್ರು ಒದ್ದಾಡದೆ ತಿರುಗುತ್ತೆ. ನಮ್ ಕಡೆ ಮಳೆಗಾಲದಲ್ಲಿ ಕರೆಂಟ್ ಐದೈದು ನಿಮಿಷಕ್ಕೆ ಹೋಗಿ ಬರೋದು ನೋಡಿದವರಿಗೆ ಇದರ ಬೆಲೆ ಗೊತ್ತಾಗುತ್ತೆ.

ಎರಡು ವರ್ಷದ ಹಿಂದೆ ಗಾಳಿಗೆ ಕಂಬದಲ್ಲಿ ನ್ಯೂಟ್ರಲ್ ತಂತಿ ಕಟ್ಟಾಗಿ ವೋಲ್ಟೇಜ್ ಏರಿ ಬಲ್ಬೆಲ್ಲಾ ಒಂದ್ಸಲ ಬೆಳ್ಳಗೆ ಉರೀತು. ಸ್ಟೆಬಿಲೈಜರ್ ಹೈ ಕಟ್ ಆಗಿ, ಅಂದ್ರೆ ವೋಲ್ಟೇಜ್ ಜಾಸ್ತಿ ಅಂತ ತಾನೇ ಕರೆಂಟ್ ನಿಲ್ಲಿಸಿ, ಫ್ರಿಜ್ ಬಚಾವಾಯ್ತು, ನೇರ ಪ್ಲಗ್ಗಲ್ಲಿದ್ದ ಸೆಟ್‌ಟಾಪ್ ಬಾಕ್ಸ್, ಎರಡು ಎಲ್‌ಇಡಿ ಬಲ್ಬ್ ಹೋದ್ವು.

ತೊಂದರೆನೂ ಇದೆ. ನಾಲ್ಕನೇ ವರ್ಷ ರಿಲೇ ಕಾಂಟ್ಯಾಕ್ಟ್ ಕಪ್ಪಾಗಿ ಔಟ್‌ಪುಟ್ ಬರ್ಲಿಲ್ಲ, ವಾರಂಟಿ ಮುಗಿದಿತ್ತು, ಊರಿನ ಎಲೆಕ್ಟ್ರಿಷಿಯನ್ನೇ ರಿಲೇ ಬದಲಾಯಿಸಿಕೊಟ್ರು. ರಾತ್ರಿ ಟಕ್ ಟಕ್ ಸದ್ದು ಕೇಳುತ್ತೆ. ಇನ್ನು ಸಿಡಿಲಿಗೆ ಇದನ್ನ ನಂಬ್ಕೊಂಡು ಕೂರಬೇಡಿ, ಗುಡುಗು ಶುರುವಾದ ತಕ್ಷಣ ನಾವು ಪ್ಲಗ್ಗೇ ಕಿತ್ತಿಡ್ತೀವಿ.

ತಗೊಳೋರು ರೇಟ್ ಕೇಳೋಕೆ ಮುಂಚೆ ಬಾಕ್ಸ್ ಮೇಲಿನ ಇನ್‌ಪುಟ್ ರೇಂಜ್ ಓದಿ, ನಿಮ್ಮನೇಲಿ ಸಂಜೆ ಹೊತ್ತು ಎಷ್ಟಕ್ಕೆ ಇಳಿಯುತ್ತೆ ಅಂತ ಎರಡು ದಿನ ಮೀಟರಲ್ಲಿ ನೋಡ್ಕೊಂಡು ಹೋಗಿ. ಅಕ್ಕನ ಮನೇಲಿ 120ಕ್ಕೂ ಇಳೀತಿತ್ತು, ಅವರಿಗೆ ನಮ್ಮದು ಆಗ್ತಿರ್ಲಿಲ್ಲ, 90ರಿಂದ ಶುರುವಾಗೋದೇ ಹುಡುಕಿ ಹಾಕಿಸಿದ್ವಿ.