ಚಳಿಗಾಲದ ಹಕ್ಕಿಗಳಿಗೆ ಜಲವರ್ಣವೋ, ನೀರಿನಲ್ಲಿ ಕರಗುವ ಪೆನ್ಸಿಲ್ಲೋ?

ತೋಟಕ್ಕೆ ಬರುವ ಹಕ್ಕಿಗಳನ್ನು ಚಳಿಗಾಲದಲ್ಲಿ ಎದುರಿಗೇ ನೋಡಿಕೊಂಡು ಚಿತ್ರಿಸುವುದಾದರೆ ನನ್ನ ಮತ ನೀರಿನಲ್ಲಿ ಕರಗುವ ಬಣ್ಣದ ಪೆನ್ಸಿಲ್ಲಿಗೆ. ಜಲವರ್ಣದ ಪೆಟ್ಟಿಗೆ ಮನೆಯೊಳಗೇ ಇರಲಿ. ಅಂಗೈಯಲ್ಲಿ ಹಿಡಿಯುವಂಥ ಒಂದು ಒಳ್ಳೆಯ ಪೆಟ್ಟಿಗೆಯನ್ನೂ, ಹಿಡಿಕೆಯೊಳಗೇ ನೀರು ತುಂಬಿಕೊಳ್ಳುವ ವಾಟರ್ ಬ್ರಷ್ಷನ್ನೂ ಕೈಬಿಚ್ಚಿ ಹಣ ಸುರಿದು ಕೊಂಡವನ ಮಾತಿದು. ಪೆಟ್ಟಿಗೆಯ ಬಣ್ಣಗಳಲ್ಲಿ ಹುಳುಕಿಲ್ಲ. ಹಕ್ಕಿ, ಚಳಿ, ನೀರು ಮೂರೂ ಒಂದೆಡೆ ಸೇರಿದಾಗಲೇ ತಕರಾರು ಶುರುವಾಗುವುದು.

ಹಕ್ಕಿ ಬಿಡಿಸುವ ಕ್ರಮವೇ ಬೇರೆ. ಕಾಳಿನ ತಟ್ಟೆಗೆ ಇಳಿದ ಗುಬ್ಬಿ ಎರಡು ಕಾಳು ಹೆಕ್ಕುತ್ತದೆ, ಕತ್ತು ಹೊರಳಿಸುತ್ತದೆ, ಹಾರುತ್ತದೆ. ಬೆನ್ನಿನ ಬಾಗು, ಬಾಲದ ಓರೆ ಎಳೆಯುವಷ್ಟರಲ್ಲಿ ಆ ಭಂಗಿ ಮುಗಿದೇಹೋಗಿರುತ್ತದೆ. ಅದನ್ನು ಅಲ್ಲಿಗೇ ಬಿಟ್ಟು ಹಾಳೆಯ ಇನ್ನೊಂದು ಮೂಲೆಯಲ್ಲಿ ಹೊಸ ಭಂಗಿ ಹಿಡಿಯಬೇಕು. ಸ್ವಲ್ಪ ಹೊತ್ತಿಗೆ ಅದೇ ಗುಬ್ಬಿಯೋ ಅದರ ನಂಟನೋ ಬಂದು ಮೊದಲಿನಂತೆಯೇ ಕೂರುತ್ತದೆ. ಆಗ ಹಳೆಯ ಮೂಲೆಗೆ ಮರಳಿ ಕಣ್ಣು, ಕೊಕ್ಕು, ರೆಕ್ಕೆಯ ಪಟ್ಟಿ ಸೇರಿಸಬೇಕು. ಹೀಗೆ ಒಂದೇ ಹಾಳೆಯಲ್ಲಿ ಏಳೆಂಟು ಅರೆಬರೆ ಹಕ್ಕಿಗಳು ಜೊತೆಜೊತೆಯಾಗಿ ಬೆಳೆಯುತ್ತವೆ. ಯಾವ ಮೂಲೆಗೆ ಯಾವಾಗ ಹೋದರೂ ಕಾಗದ ಕೆಲಸಕ್ಕೆ ಸಿದ್ಧವಿರಬೇಕು. ಚಳಿಯಲ್ಲಿ ಜಲವರ್ಣ ಈ ಒಂದು ಅನುಕೂಲವನ್ನೇ ಕಸಿದುಕೊಳ್ಳುತ್ತದೆ.

ಬಿಸಿಲಿನಲ್ಲಾದರೆ ತೆಳು ಲೇಪ ನೋಡನೋಡುತ್ತಲೇ ಒಣಗುತ್ತದೆ. ಮಂಜು ಕವಿದ ಬೆಳಗಿನಲ್ಲಿ ಗಾಳಿಯ ತುಂಬ ತೇವ, ಕಾಗದವೂ ತಣ್ಣಗೆ. ಹಾಳೆಯ ಮೇಲಿನ ನೀರು ಜಪ್ಪಯ್ಯ ಎಂದರೂ ಆರುವುದಿಲ್ಲ. ಬೆನ್ನಿಗೆ ಹಚ್ಚಿದ ಕಂದು ಹಸಿಯಾಗಿರುವಾಗಲೇ ನೆತ್ತಿಯ ಬೂದು ಹಚ್ಚಿದರೆ ಎರಡೂ ಕಲೆತು ಕೆಸರು. ಕಾಯೋಣವೆಂದರೆ ಹಕ್ಕಿ ಕಾಯುವುದಿಲ್ಲ. ಪಕ್ಕದ ಮೂಲೆಗೆ ಹೋಗೋಣವೆಂದರೆ ಅಂಗೈಯ ಅಂಚು ಹಸಿ ಬಣ್ಣವನ್ನು ಒರೆಸಿಕೊಂಡೇ ಹೋಗುತ್ತದೆ. ಬಾಯಿಂದ ಊದಿ ಒಣಗಿಸಲು ಹೊರಟರೆ ಉಸಿರಿನ ತೇವವೂ ತಣ್ಣನೆಯ ಕಾಗದಕ್ಕೇ ಸೇರುತ್ತದೆ. ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿಕೊಂಡಿರೋ, ಎದುರು ಹಾಳೆಯಲ್ಲಿ ಆ ಹಕ್ಕಿಯ ತಲೆಕೆಟ್ಟ ಅವಳಿಯೊಂದು ಹುಟ್ಟಿರುತ್ತದೆ. ಬಿಡಿ ಹಾಳೆಗಳನ್ನು ಹಲಗೆಗೆ ಕ್ಲಿಪ್ಪು ಹಾಕಿ ಒಂದಾದ ಮೇಲೊಂದು ಬದಲಿಸುವ ಉಪಾಯವನ್ನೂ ಮಾಡಿ ನೋಡಿದೆ. ಅರೆಬರೆ ಚಿತ್ರಗಳೆಲ್ಲ ಬೇರೆಬೇರೆ ಹಾಳೆಗಳಿಗೆ ಚದುರಿ, ಮರಳಿ ಬಂದ ಭಂಗಿ ಯಾವ ಹಾಳೆಯದೆಂದು ಹುಡುಕುವುದೇ ಕೆಲಸವಾಯಿತು.

ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿಯುವ ಕಡೆ ಪಡಿಪಾಟಲು ಇನ್ನೂ ಹೆಚ್ಚು. ಲೇಪ ಕಾಗದದ ಮೇಲೆಯೇ ಹೆಪ್ಪುಗಟ್ಟಿ, ಬಣ್ಣದ ಕಣಗಳು ಹಿಮದ ಹರಳುಗಳ ನಡುವೆ ಒತ್ತರಿಸಿಕೊಂಡು ಸೂಜಿಸೂಜಿಯಾಗಿ ನಿಲ್ಲುತ್ತವೆ. ನೋಡಲು ಸೊಗಸೇ, ಹಿನ್ನೆಲೆಯ ಆಕಾಶಕ್ಕೆ ಯಾರಾದರೂ ಬೇಕೆಂದೇ ಮಾಡಿಕೊಳ್ಳಬಹುದು. ಹಕ್ಕಿಯ ಎದೆಯ ಮೇಲೆ ಬೇಡ. ಬೆಚ್ಚಗಿನ ಕೋಣೆಗೆ ತಂದಾಗ ಹರಳು ಕರಗಿ ಎಲ್ಲವೂ ಹರಿದುಹೋಗುವುದೂ ಉಂಟು. ಇದಕ್ಕೆ ಮದ್ದೆಂದು ಕೆಲವು ಚಿತ್ರಕಾರರು ನೀರಿಗೆ ವೋಡ್ಕಾ ಬೆರೆಸುತ್ತಾರೆ. ಶೇ. 40ರಷ್ಟು ಆಲ್ಕೋಹಾಲ್ ಇರುವ ಮದ್ಯ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿದರೂ ಗಟ್ಟಿಯಾಗದು. ನೀರು ಬೆರೆತಷ್ಟೂ ಆ ಬಲ ಕುಗ್ಗುತ್ತದೆ. ಬಲ ಇರಲೆಂದು ಮದ್ಯವನ್ನೇ ಹೆಚ್ಚು ಸುರಿದರೆ ಬೇರೆ ತೊಡಕು. ಜಲವರ್ಣವನ್ನು ಹಿಡಿದಿಡುವ ಗೋಂದು ನೀರಿನಲ್ಲಿ ಕರಗುತ್ತದೆ, ಆಲ್ಕೋಹಾಲಿನಲ್ಲಿ ಕರಗುವುದಿಲ್ಲ. ಹಾಗಾಗಿ ಬಣ್ಣದ ಬಿಲ್ಲೆಯನ್ನು ಉಜ್ಜಿದರೆ ಕುಂಚಕ್ಕೆ ಬಣ್ಣ ಸಲೀಸಾಗಿ ಏರುವುದಿಲ್ಲ.

ಇನ್ನು ವಾಟರ್ ಬ್ರಷ್. ಹಿಡಿಕೆಯನ್ನು ಒತ್ತಿದರೆ ತುದಿಗೆ ನೀರಿಳಿಯುವ ಏರ್ಪಾಡು ಕೇಳಲು ಚೆಂದ. ಮರಗಟ್ಟಿದ ಬೆರಳಿಗೆ ಎಷ್ಟು ಒತ್ತುತ್ತಿದ್ದೇನೆ ಎಂಬುದೇ ತಿಳಿಯುವುದಿಲ್ಲ, ಕೈಗವಸು ಹಾಕಿಕೊಂಡರಂತೂ ಮುಗಿದೇಹೋಯಿತು. ಒತ್ತದಿದ್ದರೂ ಸೋರುತ್ತದೆ: ಅರ್ಧ ಖಾಲಿಯಾದ ಹಿಡಿಕೆಯೊಳಗಿನ ತಣ್ಣನೆಯ ಗಾಳಿ ಮುಷ್ಟಿಯ ಶಾಖಕ್ಕೆ ಹಿಗ್ಗಿ ನೀರನ್ನು ಹೊರದಬ್ಬುತ್ತದೆ. ಕಣ್ಣಿನ ಹೊಳಪಿಗೆಂದು ಬಿಟ್ಟುಕೊಂಡ ಬಿಳಿ ಚುಕ್ಕಿಯ ಮೇಲೇ ಆ ಹನಿ ಬೀಳುತ್ತದೆ, ಬೇರೆಲ್ಲೂ ಅಲ್ಲ. ಹಿಡಿಕೆಯನ್ನು ಯಾವಾಗಲೂ ಪೂರ್ತಿ ತುಂಬಿಟ್ಟುಕೊಂಡರೆ ಕಾಟ ಕಡಿಮೆಯಾಗುತ್ತದೆ, ತಪ್ಪುವುದಿಲ್ಲ.

ಪೆನ್ಸಿಲ್ಲಿಗೆ ಈ ರಗಳೆ ಯಾವುದೂ ಇಲ್ಲ. ಹೊರಗೆ ಒಣಗಿದ್ದಂತೆಯೇ ಗೀಚಿ, ಮನೆಗೆ ಬಂದು ಒದ್ದೆ ಕುಂಚ ಆಡಿಸಿದರಾಯಿತು. ಇಷ್ಟೇ ಆಗಿದ್ದರೆ ಅನುಕೂಲದ ಮಾತಾಗುತ್ತಿತ್ತು, ಆದರೆ ಚಳಿಗಾಲದ ಹಕ್ಕಿಯ ಮೈಗೂ ಪೆನ್ಸಿಲ್ಲೇ ಒಗ್ಗುತ್ತದೆ. ಗಂಡು ಗುಬ್ಬಿಯ ಕೊರಳಿನ ಕಪ್ಪನ್ನೇ ನೋಡಿ. ಮರಿ ಮಾಡುವ ಕಾಲ ಮುಗಿದ ಮೇಲೆ ಬರುವ ಹೊಸ ಗರಿಗಳ ತುದಿ ಮಾಸಲು ಬೂದು. ಚಳಿಗಾಲದಲ್ಲಿ ಈ ತುದಿಗಳು ಕಪ್ಪನ್ನು ಅರ್ಧಂಬರ್ಧ ಮುಚ್ಚಿರುತ್ತವೆ. ತುದಿ ಸವೆಯುತ್ತಾ ಬಂದಂತೆ, ಮುಂದಿನ ಸಲ ಜೊತೆಗೂಡುವ ಹೊತ್ತಿಗೆ, ಕಪ್ಪು ಪೂರ್ತಿ ಬಯಲಾಗುತ್ತದೆ. ಕೊಕ್ಕೂ ಹಾಗೆಯೇ, ಆಗ ಕಪ್ಪು, ಈಗ ಹಳದಿ ಬೆರೆತ ಮಂಕು ಕಂದು. ಕುಂಚದಲ್ಲಿ ಒಂದೇ ಏಟಿಗೆ ಕಪ್ಪು ಮೆತ್ತಿದರೆ ಚಳಿಯಲ್ಲಿ ಕೂತ ಹಕ್ಕಿಗೆ ವಸಂತದ ಕೊರಳು ಬಂದುಬಿಡುತ್ತದೆ. ಪೆನ್ಸಿಲ್ಲಿನಲ್ಲಿ ಕಪ್ಪು ಗೆರೆಗಳನ್ನು ತುಂಡುತುಂಡಾಗಿ ಹಾಕಿ, ನಡುವೆ ಕಾಗದ ಬಿಟ್ಟು, ಅದರ ಮೇಲೆ ಬೂದು ಪೆನ್ಸಿಲ್ಲನ್ನು ಅಡ್ಡಮಲಗಿಸಿ ಒಮ್ಮೆ ಎಳೆದರೆ ಆ ಮಾಸಲು ತಾನಾಗಿಯೇ ಬರುತ್ತದೆ.

ಮೈಯ ಅಂಚಿನ ಮಾತೂ ಇದೇ. ಚಳಿಗೆ ಹಕ್ಕಿ ಗರಿ ಕೆದರಿಕೊಂಡು ನಡುವೆ ಗಾಳಿ ಹಿಡಿದಿಟ್ಟುಕೊಳ್ಳುತ್ತದೆ, ಶಾಖ ಉಳಿಯಲೆಂದು. ಕತ್ತು ಒಳಸೇರಿ, ಒಂದು ಕಾಲೂ ಗರಿಯೊಳಗೆ ಮರೆಯಾಗಿ, ಹತ್ತಿಯ ಉಂಡೆಗೆ ಕೊಕ್ಕು ಸಿಕ್ಕಿಸಿದಂತೆ ಕಾಣುತ್ತದೆ. ಅದಕ್ಕೆ ಗಟ್ಟಿ ಅಂಚು ಎಳೆದರೆ ಕೆಟ್ಟಿತು. ಪೆನ್ಸಿಲ್ಲಿನ ಪಕ್ಕೆಯಿಂದ ತೀಡಿ, ರೆಕ್ಕೆಯ ತುದಿ ಮತ್ತು ಬಾಲಕ್ಕೆ ಮಾತ್ರ ಮೊನೆ ಬಳಸಿದರೆ ಒಳಗೆ ಒಂದು ಗಟ್ಟಿ ಹಕ್ಕಿ ಇದೆ ಎಂಬುದು ಗೊತ್ತಾಗುತ್ತದೆ.

ದೋಷಗಳಿಲ್ಲವೆಂದಲ್ಲ. ನೀರು ತಾಗಿದೊಡನೆ ಬಣ್ಣ ಗಾಢವಾಗಿ ಬೇರೆಯೇ ಆಗುತ್ತದೆ, ಅದರಲ್ಲೂ ನೀಲಿ. ಒಣಗಿರುವಾಗ ಸಾಧುವಾಗಿದ್ದ ಕಡುನೀಲಿ ಒದ್ದೆಯಾದರೆ ಇಡೀ ರೆಕ್ಕೆಯನ್ನು ನುಂಗುತ್ತದೆ. ಪ್ರತಿ ಪೆನ್ಸಿಲ್ಲಿನ ಒಣ ಗುರುತು, ಒದ್ದೆ ಗುರುತು ಎರಡನ್ನೂ ಪುಸ್ತಕದ ಕೊನೆಯ ಹಾಳೆಯಲ್ಲಿ ಮಾಡಿಟ್ಟುಕೊಳ್ಳಿ. ಒತ್ತಿ ಎಳೆದ ಗೆರೆ ಪೂರ್ತಿ ಕರಗದು. ಚಳಿಗೆ ಮೊನೆ ಬಿರುಸಾಗುತ್ತದೆ, ಒಳಜೇಬಿನಲ್ಲಿಟ್ಟರೆ ಸರಿಹೋಗುತ್ತದೆ. ಬಣ್ಣದ ಹೊಳಪಿನಲ್ಲಿ ಜಲವರ್ಣಕ್ಕೆ ಇದು ಸಾಟಿಯಲ್ಲ. ಇಳಿಬಿಸಿಲು ಗರಿಯ ಅಂಚಿನಲ್ಲಿ ಬೆಳಗುವುದನ್ನು ಪಾರದರ್ಶಕ ಲೇಪ ಹಿಡಿದಂತೆ ಪೆನ್ಸಿಲ್ ಹಿಡಿಯಲಾರದು.

ಮೂರನೆಯ ದಾರಿಯೊಂದಿದೆ: ಮೆತ್ತನೆಯ ಕಪ್ಪು ಗೆರೆ ಬೀಳುವ ಬರಿಯ 4ಬಿ ಪೆನ್ಸಿಲ್ಲಿನಲ್ಲಿ ಬಿಡಿಸಿ, ಬಣ್ಣಗಳನ್ನು ಪಕ್ಕದಲ್ಲಿ ಅಕ್ಷರದಲ್ಲಿ ಬರೆದುಕೊಂಡು, ಒಳಗೆ ಬಂದು ತುಂಬುವುದು. ಎಲ್ಲಕ್ಕಿಂತ ಅಗ್ಗ. ಆದರೆ ‘ಬೂದು ಮಿಶ್ರಿತ ಕಂದು’ ಎಂದು ಬರೆದಿಟ್ಟದ್ದು ದೀಪದ ಬೆಳಕಿನಲ್ಲಿ ನೂರು ಕಂದುಗಳಾಗುತ್ತವೆ. ಬಣ್ಣದ ನೆನಪು ಗಟ್ಟಿಯಿರುವವರು ಧಾರಾಳವಾಗಿ ಮಾಡಲಿ. ಗ್ವಾಶ್, ಅಂದರೆ ಕೆಳಗಿನದನ್ನು ಮುಚ್ಚಿಬಿಡುವ ಅಪಾರದರ್ಶಕ ಜಲವರ್ಣ, ಹೊರಗೆ ಬೇಡವೇ ಬೇಡ: ಒಣಗುವಾಗ ತಿಳಿ ಬಣ್ಣ ಕಪ್ಪಿಡುತ್ತದೆ, ಕಡು ಬಣ್ಣ ತಿಳಿಯಾಗುತ್ತದೆ, ಒಣಗುವವರೆಗೆ ಕಾಯುವ ಸ್ಥಿತಿಯಲ್ಲಿ ನಾವಿರುವುದಿಲ್ಲ.

ಕಿಟಕಿಯೊಳಗಿನಿಂದ ಚಿತ್ರಿಸುವವರ ಲೆಕ್ಕವೇ ಬೇರೆ. ಬೆಚ್ಚಗಿನ ಕೋಣೆ, ಮೇಜು, ನೀರಿನ ಲೋಟ ಎಲ್ಲ ಇರುವಾಗ ಜಲವರ್ಣವೇ ಮೇಲು, ನಾನೂ ಅಲ್ಲಿ ಅದನ್ನೇ ತೆರೆಯುತ್ತೇನೆ. ಗಾಜಿಗೆ ನೇರವಾಗಿ ಕೂತು ನೋಡಿ, ಓರೆಯಾಗಿ ನೋಡಿದರೆ ಬೈನಾಕ್ಯುಲರ್‌ನಲ್ಲಿ ಗರಿಗಳು ಮಸುಕಾಗುತ್ತವೆ. ಹೊರಗೆ ಚಳಿ, ಒಳಗೆ ಬಿಸಿ ಇರುವಾಗ ಕಿಟಕಿ ತೆರೆದರೆ ಬಿಸಿ, ತಣ್ಣನೆಯ ಗಾಳಿ ಬೆರೆಯುವ ನಡುಕಕ್ಕೆ ಹಕ್ಕಿಯೂ ನಡುಗಿದಂತೆ ಕಾಣುತ್ತದೆ.

ನಾನು ನಿಂತು ಚಿತ್ರಿಸುವವನು. ಕೊರಳಲ್ಲಿ 8 ಪಟ್ಟು ದೊಡ್ಡದಾಗಿ ತೋರಿಸುವ ಬೈನಾಕ್ಯುಲರ್, ಎಡಗೈಯಲ್ಲಿ ಪುಸ್ತಕ, ಕೆಲಸಕ್ಕೆ ಹೊರಡುವ ಮುಂಚಿನ ಅಲ್ಪ ಹೊತ್ತು. ಬಣ್ಣದ ತಟ್ಟೆ ಹಿಡಿಯಲು ಮೂರನೆಯ ಕೈ ಇಲ್ಲ. ಟ್ರೈಪಾಡಿನ ಮೇಲೆ ಕಣ್ಣಿಟ್ಟು ನೋಡುವ ತುದಿ ಓರೆಯಾಗಿರುವ ದೂರದರ್ಶಕ ನಿಲ್ಲಿಸಿ, ಸ್ಟೂಲಿನಲ್ಲಿ ಕೂತು ದಿನವಿಡೀ ಕಳೆಯುವವರಿಗೆ, ಒಣ ಹವೆಯಿದ್ದರೆ, ಪುಟ್ಟ ಪೆಟ್ಟಿಗೆಯೂ ನಡೆದೀತು. ನನ್ನಂಥವರು ಕೊಳ್ಳುವುದಾದರೆ ಪೂರ್ತಿ ಡಬ್ಬಿ ಕೊಳ್ಳಬೇಡಿ, ಮುಕ್ಕಾಲು ಪಾಲು ಹಸಿರು, ಗುಲಾಬಿಗಳು ಮೊನೆ ಸವೆಯದೆ ಉಳಿಯುತ್ತವೆ. ಬಿಡಿಯಾಗಿ ಸಿಗುವ ಕಡುಗಂದು, ಕಾವಿ, ನೀಲಿಬೂದು, ಕಪ್ಪು ನಾಲ್ಕೇ ಸಾಕು. ಉಳಿಸಿದ ಹಣವನ್ನು ದಪ್ಪ, ನುಣುಪು ಕಾಗದದ ಪುಸ್ತಕಕ್ಕೆ ಹಾಕಿ. ತೆಳು ಕಾಗದ ಮನೆಯಲ್ಲಿ ಕುಂಚ ತಾಗಿದಾಗ ಸುಕ್ಕುಗಟ್ಟುತ್ತದೆ. ಮೊನೆ ಮಾಡಲು ಶಾರ್ಪ್‌ನರ್ ಬದಲು ಸಣ್ಣ ಚಾಕು ಇಟ್ಟುಕೊಳ್ಳಿ, ಕೈಗವಸಿನಲ್ಲೂ ಅದು ಹಿಡಿತಕ್ಕೆ ಸಿಗುತ್ತದೆ.